ಲಕ್ಷ ರೂಪಾಯಿಯ ಕಾಫಿ ಯಂತ್ರ: ಮನೆಗೆ ತರುವ ಮುನ್ನ ಅಳೆದು ನೋಡುವ ಬಗೆ

ಮೇಲಿನ ಡಬ್ಬಿಗೆ ಹುರಿದ ಬೀಜ, ಹಿಂದಿನ ತೊಟ್ಟಿಗೆ ನೀರು, ಪಕ್ಕದ ಜಗ್ಗಿಗೆ ಹಾಲು. ಗುಂಡಿ ಒತ್ತಿದರೆ ಯಂತ್ರವೇ ಬೀಜವನ್ನು ಪುಡಿ ಮಾಡುತ್ತದೆ, ಪುಡಿಯನ್ನು ಅದುಮುತ್ತದೆ, ಬಿಸಿನೀರನ್ನು ಒತ್ತಡದಲ್ಲಿ ಹಾಯಿಸುತ್ತದೆ, ಹಾಲನ್ನು ನೊರೆಯಾಗಿಸುತ್ತದೆ, ಉಳಿದ ಚರಟವನ್ನು ಒಳಗಿನ ಪೆಟ್ಟಿಗೆಗೆ ತಳ್ಳುತ್ತದೆ. ಇದು ಪೂರ್ಣ ಸ್ವಯಂಚಾಲಿತ ಎಸ್ಪ್ರೆಸೊ ಯಂತ್ರ. ಸ್ವಿಟ್ಜರ್ಲೆಂಡಿನ ಯೂರಾ, ಇಟಲಿಯ ಡೆಲೋಂಗಿ, ಜರ್ಮನಿಯ ಮೀಲೆ ಮೊದಲಾದವರ ಮೇಲ್ದರ್ಜೆಯ ಮಾದರಿಗಳು ನಮ್ಮಲ್ಲಿ ಲಕ್ಷ ರೂಪಾಯಿಯನ್ನು ಸಲೀಸಾಗಿ ದಾಟುತ್ತವೆ.

ಈ ಬೆಲೆಯ ಯಂತ್ರ ಮಳಿಗೆಯಲ್ಲಿ ಕೆಟ್ಟ ಕಾಫಿ ಕೊಡುವುದು ಅಪರೂಪ. ಅಲ್ಲಿ ಬೀಜ ಅವರದು, ನೀರು ಅವರದು, ಹಾಲು ಅವರದು, ಹಿಂದಿನ ರಾತ್ರಿ ಕೊಳವೆ ತೊಳೆದ ಕೈಯೂ ಅವರದು. ಮನೆಯಲ್ಲಿ ಈ ನಾಲ್ಕೂ ಬದಲಾಗುತ್ತವೆ. ಹಾಗಾಗಿ ಕಾಫಿಯೂ ಬದಲಾಗುತ್ತದೆ. ಯಂತ್ರವನ್ನು ಪರೀಕ್ಷಿಸುವುದೆಂದರೆ ನಿಮ್ಮ ಬೀಜ, ನಿಮ್ಮ ನೀರು, ನಿಮ್ಮ ಹಾಲಿನೊಂದಿಗೆ ಅದು ಹೇಗೆ ನಡೆದುಕೊಳ್ಳುತ್ತದೆ ಮತ್ತು ಅದನ್ನು ತೊಳೆಯಲು ನಿಮಗೆ ಎಷ್ಟು ತಾಳ್ಮೆ ಇದೆ ಎಂದು ನೋಡುವುದು. ಹೊಳೆಯುವ ತೆರೆಯ ಮೇಲೆ ಎಷ್ಟು ಬಗೆಯ ಪಾನೀಯಗಳ ಚಿತ್ರವಿದೆ ಎಂಬುದು ಕೊನೆಯ ಪ್ರಶ್ನೆ. ಹದಿನೇಳು ಬಗೆ ಇದ್ದರೂ ಮನೆಯವರು ಒತ್ತುವುದು ಎರಡೋ ಮೂರೋ ಗುಂಡಿಗಳನ್ನು ಮಾತ್ರ.

ಮೊದಲು ಮನೆಯವರ ಲೆಕ್ಕ

ಮನೆಯಲ್ಲಿ ಯಾರು, ಎಷ್ಟು ಹೊತ್ತಿಗೆ, ಯಾವ ಕಾಫಿ ಕುಡಿಯುತ್ತಾರೆ ಎಂದು ಒಂದು ವಾರ ಗಮನಿಸಿ ಬರೆದಿಡಿ. ಹಾಲು ಹಾಕದ ಕಾಫಿಯೇ ಹೆಚ್ಚೆಂದಾದರೆ ನಿಮ್ಮ ಗಮನ ಗ್ರೈಂಡರ್ ಮತ್ತು ಕಾಫಿ ಇಳಿಸುವ ಘಟಕದ (ಪುಡಿಯನ್ನು ಅದುಮಿ ಬಿಸಿನೀರು ಹಾಯಿಸುವ ಒಳಭಾಗ) ಮೇಲಿರಬೇಕು. ಹಾಲಿನ ಕಾಫಿಯೇ ಹೆಚ್ಚೆಂದಾದರೆ ಹಾಲಿನ ವ್ಯವಸ್ಥೆ ಮತ್ತು ಅದನ್ನು ತೊಳೆಯುವ ಸುಲಭ ಮುಖ್ಯ. ಬೆಳಿಗ್ಗೆ ಏಳರಿಂದ ಏಳೂವರೆಯೊಳಗೆ ಆರು ಲೋಟ ಬೇಕಾಗುವ ಮನೆಗೂ ದಿನವಿಡೀ ಆರು ಲೋಟ ಕುಡಿಯುವ ಮನೆಗೂ ಬೇಕಾದ ಯಂತ್ರಗಳು ಬೇರೆ.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಮನೆಗೆ ಬೇಕಿರುವುದು ಫಿಲ್ಟರ್ ಕಾಫಿ ಎಂದಾದರೆ ಈ ಯಂತ್ರವನ್ನು ಕೊಳ್ಳಬೇಡಿ. ಡಿಕಾಕ್ಷನ್ ಇಳಿಯುವುದು ತನ್ನ ಭಾರದಿಂದ, ನಿಧಾನವಾಗಿ, ಬಹುಪಾಲು ಚಿಕೋರಿ ಬೆರೆತ ಪುಡಿಯಿಂದ. ಎಸ್ಪ್ರೆಸೊ ಇಳಿಯುವುದು ಅರ್ಧ ನಿಮಿಷದೊಳಗೆ, ಒತ್ತಡದಿಂದ. ರುಚಿ, ಸಾಂದ್ರತೆ, ಪರಿಮಳ ಎಲ್ಲವೂ ಬೇರೆ. ಮೇಲಾಗಿ ಚಿಕೋರಿ ಬೆರೆಸಿದ ಪುಡಿಯನ್ನು ಯಂತ್ರದ ಪುಡಿ ಹಾಕುವ ಕಿಂಡಿಗೆ ಸುರಿಯುವಂತಿಲ್ಲ. ಚಿಕೋರಿ ನೀರಿನಲ್ಲಿ ಕರಗಿ ಅಂಟಾಗುತ್ತದೆ, ಒಳಗಿನ ಜಾಲರಿಯನ್ನು ಕಟ್ಟಿಹಾಕುತ್ತದೆ. ಇನ್‌ಸ್ಟಂಟ್ ಪುಡಿಯನ್ನು ಆ ಕಿಂಡಿಗೆ ಹಾಕಬೇಡಿ ಎಂದು ತಯಾರಕರು ಎಚ್ಚರಿಸುವುದೂ ಇದೇ ಕಾರಣಕ್ಕೆ. ಹಿತ್ತಾಳೆ ಫಿಲ್ಟರಿಗೂ ಈ ಯಂತ್ರಕ್ಕೂ ಸ್ಪರ್ಧೆಯೇ ಇಲ್ಲ. ಎರಡನ್ನೂ ಇಟ್ಟುಕೊಳ್ಳುವ ಮನೆಗಳಲ್ಲಿ ಜಗಳ ಕಡಿಮೆ.

ವಿವರಪಟ್ಟಿಯಲ್ಲಿ ಕಾಳೆಷ್ಟು, ಜೊಳ್ಳೆಷ್ಟು

ಮೊದಲ ಜೊಳ್ಳು ಒತ್ತಡದ ಅಂಕಿ. 15 ಬಾರ್, 19 ಬಾರ್ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಅದು ಪಂಪು ನೀಡಬಲ್ಲ ಗರಿಷ್ಠ ಒತ್ತಡ, ಪುಡಿಯ ಮೇಲೆ ಬೀಳುವ ಒತ್ತಡವಲ್ಲ. ಎಸ್ಪ್ರೆಸೊಗೆ ಬೇಕಾಗಿರುವುದು ಸುಮಾರು 9 ಬಾರ್. ಇಟಲಿಯ ರಾಷ್ಟ್ರೀಯ ಎಸ್ಪ್ರೆಸೊ ಸಂಸ್ಥೆ ನಿಗದಿಪಡಿಸಿರುವ ಅಳತೆ ಹೀಗಿದೆ: 7 ಗ್ರಾಂ ಪುಡಿ, 88 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ನೀರು, 9 ಬಾರ್ ಒತ್ತಡ, 25 ಸೆಕೆಂಡು, ನೊರೆ ಸೇರಿ 25 ಮಿಲಿಲೀಟರ್ ಕಾಫಿ, ಬಟ್ಟಲಿನಲ್ಲಿ 67 ಡಿಗ್ರಿ ಬಿಸಿ. ಪ್ರತಿಯೊಂದಕ್ಕೂ ಸ್ವಲ್ಪ ಹೆಚ್ಚುಕಡಿಮೆಗೆ ಅವಕಾಶವಿದೆ. ಸಮಯಕ್ಕೆ 5 ಸೆಕೆಂಡು, ಒತ್ತಡಕ್ಕೆ 1 ಬಾರ್. ಈ ಸಾಲನ್ನು ಚೀಟಿಯಲ್ಲಿ ಬರೆದುಕೊಳ್ಳಿ, ಮಳಿಗೆಯಲ್ಲಿ ಬೇಕಾಗುತ್ತದೆ.

ಕಾಳು ಯಾವುದೆಂದರೆ, ಒಮ್ಮೆಗೆ ಯಂತ್ರ ಹಿಡಿಯುವ ಪುಡಿಯ ಪ್ರಮಾಣ. ದೊಡ್ಡ ಲೋಟಕ್ಕೆ ಗಟ್ಟಿ ಕಾಫಿ ಬೇಕೆನ್ನುವವರಿಗೆ ಇದು ನಿರ್ಣಾಯಕ. ಯೂರಾದ ಇ8 ಮಾದರಿಯ ಘಟಕ 5ರಿಂದ 16 ಗ್ರಾಂವರೆಗೆ ಹಿಡಿಯುತ್ತದೆ. ಇದಕ್ಕಿಂತ ಬಹಳ ಕಡಿಮೆ ಹಿಡಿಯುವ ಘಟಕದಿಂದ 200 ಮಿಲಿಲೀಟರ್ ಹಾಲನ್ನು ತಡೆದುಕೊಳ್ಳುವ ಕಾಫಿ ಬರುವುದಿಲ್ಲ. ಎರಡು ಸಲ ಇಳಿಸಬೇಕಾಗುತ್ತದೆ.

ಎರಡನೆಯದು, ಕಾಫಿ ಇಳಿಸುವ ಘಟಕವನ್ನು ನೀವೇ ಹೊರತೆಗೆಯಬಹುದೇ ಎಂಬುದು. ಡೆಲೋಂಗಿ, ಫಿಲಿಪ್ಸ್ ಯಂತ್ರಗಳಲ್ಲಿ ಅದು ಕೈಗೆ ಬರುತ್ತದೆ, ನಲ್ಲಿಯ ಕೆಳಗೆ ಹಿಡಿದು ತೊಳೆಯಬಹುದು. ಯೂರಾದಲ್ಲಿ ಅದು ಒಳಗೇ ಸ್ಥಿರವಾಗಿದೆ, ಶುಚಿಗೊಳಿಸುವ ಗುಳಿಗೆ ಹಾಕಿ ಯಂತ್ರವೇ ತೊಳೆದುಕೊಳ್ಳುತ್ತದೆ. ಈ ಬಗ್ಗೆ ಎರಡು ಪಂಗಡಗಳ ವಾದ ಎಂದಿಗೂ ಮುಗಿಯದು. ನನ್ನ ಮಟ್ಟಿಗೆ ಕರಾವಳಿ, ಮಲೆನಾಡಿನಂಥ ಒದ್ದೆ ಹವೆಯ ಊರುಗಳಲ್ಲಿ ಕೈಗೆ ಬರುವ ಘಟಕವೇ ವಾಸಿ. ಮಳೆಗಾಲದಲ್ಲಿ ಚರಟ ಒಂದೆರಡು ದಿನಕ್ಕೇ ಬೂಷ್ಟು ಹಿಡಿಯುವ ಕಡೆ, ಒಳಗೆ ಏನಾಗುತ್ತಿದೆ ಎಂದು ಕಣ್ಣಾರೆ ನೋಡುವುದರಲ್ಲಿ ನೆಮ್ಮದಿ ಇದೆ. ವಾರವಾರ ತೊಳೆಯುವ ಕೆಲಸ ತಮ್ಮಿಂದಾಗದು ಎನ್ನುವವರಿಗೆ ಸ್ಥಿರ ಘಟಕ ಸರಿ, ಗುಳಿಗೆಯ ಖರ್ಚನ್ನು ಒಪ್ಪಿಕೊಂಡರೆ.

ಮೂರನೆಯದು ಅಮೆರಿಕಾನೊ, ಅಂದರೆ ಹಾಲಿಲ್ಲದ ದೊಡ್ಡ ಲೋಟದ ತೆಳು ಕಾಫಿ, ಮಾಡುವ ವಿಧಾನ. ಕೆಲವು ಯಂತ್ರಗಳು ಮೊದಲು ಎಸ್ಪ್ರೆಸೊ ಇಳಿಸಿ, ಆಮೇಲೆ ಬಿಸಿನೀರನ್ನು ಬೇರೆಯಾಗಿ ಸೇರಿಸುತ್ತವೆ. ಕೆಲವು ಲೋಟದಷ್ಟೂ ನೀರನ್ನು ಅದೇ ಹತ್ತು ಗ್ರಾಂ ಪುಡಿಯ ಮೂಲಕ ಹಾಯಿಸುತ್ತವೆ. ಎರಡನೆಯ ಬಗೆಯದು ಒಗರು, ಕಹಿ. ಪಟ್ಟಿಯಲ್ಲಿ ಎರಡಕ್ಕೂ ಒಂದೇ ಹೆಸರಿರಬಹುದು, ಕೇಳಿಯೇ ತಿಳಿಯಬೇಕು.

ಗ್ರೈಂಡರ್ ಉಕ್ಕಿನದೋ ಸೆರಾಮಿಕ್ಕಿನದೋ ಎಂಬ ಚರ್ಚೆಗೆ ಅಷ್ಟು ತೂಕವಿಲ್ಲ. ಸೆರಾಮಿಕ್ ಬೇಗ ಸವೆಯುವುದಿಲ್ಲ, ಆದರೆ ಬೀಜದ ನಡುವೆ ಸಣ್ಣ ಕಲ್ಲು ಸಿಕ್ಕರೆ ಚೂರಾಗಬಹುದು. ಪುಡಿಯ ನುಣುಪು ಬದಲಾಯಿಸಲು ಎಷ್ಟು ಹಂತಗಳಿವೆ, ನೀರಿನ ಬಿಸಿಯನ್ನು ಬದಲಾಯಿಸಬಹುದೇ, ಪುಡಿಯ ಪ್ರಮಾಣ ಮತ್ತು ಕಾಫಿಯ ಪ್ರಮಾಣವನ್ನು ಬೇರೆಬೇರೆಯಾಗಿ ಹೊಂದಿಸಿ ಉಳಿಸಿಕೊಳ್ಳಬಹುದೇ ಎಂಬುದನ್ನು ನೋಡಿ. ಮೊಬೈಲ್ ಆ್ಯಪ್, ಬಣ್ಣದ ದೀಪ, ಧ್ವನಿಯ ಆಜ್ಞೆ ಇವಕ್ಕೆ ಹಣ ಕೊಡಬೇಡಿ.

ನೀರು, ವಿದ್ಯುತ್ತು, ಜಾಗ

ಯಂತ್ರ ಹಾಳಾಗುವುದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು ಗಡಸು ನೀರು. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಿನ ಮನೆಗಳಲ್ಲಿ ಸುಣ್ಣದ ಪದರ ಕಟ್ಟುವ ವೇಗವನ್ನು ಪಾತ್ರೆಯ ತಳದಲ್ಲೇ ನೋಡಿರುತ್ತೀರಿ; ಯಂತ್ರದ ತೆಳು ಕೊಳವೆಗಳಲ್ಲಿ ಅದು ಕಾಣದೆ ಕಟ್ಟುತ್ತದೆ. ಯಂತ್ರದ ಜೊತೆ ಬರುವ ಕಾಗದದ ಪಟ್ಟಿಯನ್ನು ನೀರಿಗೆ ಅದ್ದಿ ಗಡಸುತನ ನೋಡಿ, ಆ ಅಂಕಿಯನ್ನು ಯಂತ್ರಕ್ಕೆ ತಿಳಿಸಬೇಕು. ಕೈಪಿಡಿಯಲ್ಲಿ ಜರ್ಮನ್ ಡಿಗ್ರಿಯಲ್ಲಿ ಬರೆದಿದ್ದರೆ ಒಂದು ಡಿಗ್ರಿಗೆ ಸುಮಾರು 17.8 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಎಂದು ಲೆಕ್ಕ ಹಾಕಿ. ಮನೆಯ ಟಿಡಿಎಸ್ ಮೀಟರ್ ಕರಗಿದ ಎಲ್ಲ ಲವಣಗಳನ್ನೂ ತೋರಿಸುತ್ತದೆ, ಗಡಸುತನವನ್ನು ಮಾತ್ರ ಅಲ್ಲ. ಎರಡನ್ನೂ ಒಂದೇ ಎಂದುಕೊಳ್ಳಬಾರದು.

ಹಾಗಾದರೆ ಆರ್‌ಒ ನೀರೇ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಯಂತ್ರದ ಸುಣ್ಣದ ಮಟ್ಟಿಗೆ ಹೌದು, ರುಚಿಯ ಮಟ್ಟಿಗೆ ಅಲ್ಲ. ಲವಣವೇ ಇಲ್ಲದ ನೀರಿನಲ್ಲಿ ಕಾಫಿ ಸಪ್ಪೆ. ಸ್ಪೆಷಾಲಿಟಿ ಕಾಫಿ ಅಸೋಸಿಯೇಷನ್ ಕಾಫಿಗೆ ಸೂಚಿಸುವ ಟಿಡಿಎಸ್ 150ರ ಆಸುಪಾಸು. ಆರ್‌ಒ ಯಂತ್ರದಲ್ಲಿ ಟಿಡಿಎಸ್ ಹೊಂದಿಸುವ ತಿರುಪು ಇದ್ದರೆ ಮೀಟರ್ 100–150 ತೋರುವಂತೆ ತಂತ್ರಜ್ಞರಿಂದ ಮಾಡಿಸಿಕೊಳ್ಳಿ. ಸುಣ್ಣ ತೆಗೆಯಲು ವಿನೆಗರ್ ಬಳಸುವ ಸಲಹೆ ಎಲ್ಲೆಡೆ ಸಿಗುತ್ತದೆ; ತಯಾರಕರು ಬೇಡವೆನ್ನುತ್ತಾರೆ, ಅವರು ಹೇಳಿದ ದ್ರಾವಣವನ್ನೇ ಬಳಸಿ.

ವಿದ್ಯುತ್ತಿನ ವಿಷಯ ಚಿಕ್ಕದು, ಆದರೆ ತಪ್ಪಿದರೆ ದುಬಾರಿ. ಇಂಥ ಯಂತ್ರಗಳು ಸಾಮಾನ್ಯವಾಗಿ 1450 ವಾಟ್‌ನವು. ನಮ್ಮ 6 ಆಂಪಿಯರ್ ಸಾಕೆಟ್ 230 ವೋಲ್ಟ್‌ನಲ್ಲಿ ತಡೆಯುವುದು 1380 ವಾಟ್. ಆದ್ದರಿಂದ 16 ಆಂಪಿಯರ್ ಸಾಕೆಟ್ ಇರುವ ಜಾಗವನ್ನೇ ಆರಿಸಿ. ಮನೆಯ ಸಾಧಾರಣ ಇನ್ವರ್ಟರ್ ಮೇಲೆ ಇದನ್ನು ಓಡಿಸುವ ಆಸೆ ಬೇಡ. ಅಮೆರಿಕದಲ್ಲಿರುವ ಮಗನೋ ಮಗಳೋ ಅಲ್ಲಿನ ಯಂತ್ರವನ್ನು ಊರಿಗೆ ಕಳಿಸುತ್ತೇವೆ ಎಂದರೆ ನಯವಾಗಿ ಬೇಡವೆನ್ನಿ: ಅಲ್ಲಿಯದು 120 ವೋಲ್ಟ್, 60 ಹರ್ಟ್ಸ್, ಇಲ್ಲಿಯದು 230 ವೋಲ್ಟ್, 50 ಹರ್ಟ್ಸ್. ಯುರೋಪಿನ ಯಂತ್ರ ವೋಲ್ಟೇಜಿನ ದೃಷ್ಟಿಯಿಂದ ನಡೆಯುತ್ತದೆ, ಪ್ಲಗ್ಗು ಬದಲಾಗಬೇಕು. ಆದರೆ ಅಲ್ಲಿ ಕೊಂಡದ್ದಕ್ಕೆ ಇಲ್ಲಿ ವಾರಂಟಿ ಇದೆಯೇ ಎಂದು ಬರಹದಲ್ಲಿ ಕೇಳಿಕೊಳ್ಳಿ.

ಜಾಗ ಅಳೆಯುವಾಗ ಯಂತ್ರದ ಎತ್ತರವೊಂದೇ ಸಾಲದು. ಬೀಜದ ಮುಚ್ಚಳ ಮೇಲೆ ತೆರೆಯುತ್ತದೆ. ಗೋಡೆಗೆ ಬಡಿದ ಕಪಾಟಿನ ಕೆಳಗೆ ಕೈ ಆಡುವಷ್ಟು ಎಡೆ ಬೇಕು. ನೀರಿನ ತೊಟ್ಟಿ ಮುಂದಿನಿಂದ ಬರುತ್ತದೋ, ಪಕ್ಕದಿಂದಲೋ, ಮೇಲಿನಿಂದಲೋ? ಘಟಕ ತೆಗೆಯುವ ಬಾಗಿಲು ಯಾವ ಬದಿಗಿದೆ? ದಿನಕ್ಕೆರಡು ಬಾರಿ ಹತ್ತು ಕಿಲೊ ಯಂತ್ರವನ್ನು ಎಳೆದು ತಿರುಗಿಸುವಂತಾದರೆ ತಿಂಗಳೊಳಗೆ ಅದು ಮೂಲೆ ಸೇರುತ್ತದೆ.

ಬೀಜ ಆರಿಸಿ ಮಳಿಗೆಗೆ ಒಯ್ಯಿರಿ

ದೇಶದ ಕಾಫಿಯ ಸುಮಾರು ಶೇ 70ರಷ್ಟು ಬೆಳೆಯುವುದು ಕರ್ನಾಟಕದಲ್ಲೇ. ಚಿಕ್ಕಮಗಳೂರು, ಕೊಡಗು, ಹಾಸನದ ಬೀಜವನ್ನು ಬಿಟ್ಟು ಆಮದಾದ ಡಬ್ಬಿಯ ಬೀಜದಲ್ಲಿ ಯಂತ್ರವನ್ನು ಪರೀಕ್ಷಿಸುವುದರಲ್ಲಿ ಅರ್ಥವಿಲ್ಲ. ತೊಳೆದು ಸಂಸ್ಕರಿಸಿದ ನಮ್ಮ ರೋಬಸ್ಟಾ ಇಟಲಿಯ ಎಸ್ಪ್ರೆಸೊ ಮಿಶ್ರಣಗಳಿಗೆ ನೊರೆ ಮತ್ತು ಗಟ್ಟಿತನ ಕೊಡಲೆಂದೇ ಹೋಗುತ್ತದೆ. ಅರೇಬಿಕಾಕ್ಕೆ ಐದನೆಯ ಒಂದು ಭಾಗ ಒಳ್ಳೆಯ ರೋಬಸ್ಟಾ ಬೆರೆಸಿದ ಮಿಶ್ರಣ ಹಾಲಿನ ಕಾಫಿಗೆ ಸೊಗಸಾಗಿ ಹೊಂದುತ್ತದೆ.

ಮಧ್ಯಮ ಅಥವಾ ಮಧ್ಯಮಕ್ಕಿಂತ ತುಸು ಹೆಚ್ಚು ಹುರಿದದ್ದು, ಹುರಿದ ದಿನಾಂಕ ಬರೆದದ್ದು, ಹುರಿದು ಒಂದರಿಂದ ನಾಲ್ಕು ವಾರವಾದದ್ದು ಆರಿಸಿ. ಎಣ್ಣೆ ಜಿನುಗಿ ಹೊಳೆಯುವ ಕಪ್ಪು ಬೀಜ ಬೇಡ. ಅದು ಡಬ್ಬಿಯ ಗೋಡೆಗೆ ಅಂಟಿ ಕೆಳಗಿಳಿಯುವುದಿಲ್ಲ, ಗ್ರೈಂಡರನ್ನು ಕಟ್ಟುತ್ತದೆ. ಡಬ್ಬಿಗೆ ಸುರಿಯುವ ಮೊದಲು ತಟ್ಟೆಯಲ್ಲಿ ಹರಡಿ, ಅಕ್ಕಿ ಆರಿಸುವಂತೆ ಕಲ್ಲು, ಕಡ್ಡಿ ಆರಿಸಿ. ಸಕ್ಕರೆ ಲೇಪಿಸಿದ, ಸುವಾಸನೆ ಹಚ್ಚಿದ ಬೀಜವನ್ನಂತೂ ಹತ್ತಿರ ಸೇರಿಸಬೇಡಿ.

ಇನ್ನೊಂದು ಸೂಕ್ಷ್ಮ: ಮನೆಯ ಯಂತ್ರಗಳಲ್ಲಿ ಬಹುಪಾಲು ಬೀಜವನ್ನು ತೂಗುವುದಿಲ್ಲ, ಗ್ರೈಂಡರ್ ಎಷ್ಟು ಹೊತ್ತು ತಿರುಗಿತು ಎಂಬ ಲೆಕ್ಕದಲ್ಲಿ ಪುಡಿ ತೆಗೆದುಕೊಳ್ಳುತ್ತವೆ. ಮಳೆಗಾಲದ ಒದ್ದೆ ಗಾಳಿಗೆ ಒಡ್ಡಿ ಊದಿಸಿದ, ಹಗುರವಾದ ಮಾನ್ಸೂನ್ಡ್ ಮಲಬಾರ್ ಬೀಜ ಹಾಕಿದಾಗ ಬರುವ ಪುಡಿಯ ತೂಕ ಒಂದು, ಗಟ್ಟಿಯಾದ ಪೀಬೆರಿ (ಹಣ್ಣಿನಲ್ಲಿ ಒಂದೇ ಇರುವ ಗುಂಡು ಬೀಜ) ಹಾಕಿದಾಗ ಬರುವುದು ಇನ್ನೊಂದು. ಬೀಜ ಬದಲಾದಾಗ ರುಚಿ ಏಕೆ ಕೆಟ್ಟಿತು ಎಂದು ಯಂತ್ರವನ್ನು ಬೈಯುವ ಮೊದಲು ಇದು ನೆನಪಿರಲಿ.

ಮಳಿಗೆಗೆ ಫೋನು ಮಾಡಿ, ಬಿಡುವಿನ ಹೊತ್ತು ಕೇಳಿ. ನಿಮ್ಮದೇ ಅರ್ಧ ಕಿಲೊ ಬೀಜ, ಮನೆಯ ಹಾಲಿನ ತಣ್ಣನೆಯ ಪೊಟ್ಟಣ, 0.1 ಗ್ರಾಂ ತೋರಿಸುವ ಪುಟ್ಟ ತಕ್ಕಡಿ, ಅಡುಗೆಯ ಥರ್ಮಾಮೀಟರ್, ಎರಡು ಗಾಜಿನ ಲೋಟ ಒಯ್ಯಿರಿ. ಲಕ್ಷ ರೂಪಾಯಿಯ ವ್ಯಾಪಾರ, ಸಂಕೋಚ ಬೇಡ. ನಿಮ್ಮ ಬೀಜ ಹಾಕಲು ಒಪ್ಪದ ಮಳಿಗೆಯಲ್ಲಿ ಕೊಳ್ಳುವ ಅಗತ್ಯವಿಲ್ಲ.

ಬರೀ ಕಾಫಿಯ ಪರೀಕ್ಷೆ

ಹಾಲಿನಲ್ಲಿ ಎಲ್ಲ ತಪ್ಪೂ ಮುಚ್ಚಿಹೋಗುತ್ತದೆ. ಆದ್ದರಿಂದ ಮೊದಲು ಬರೀ ಎಸ್ಪ್ರೆಸೊ.

ನಿಮ್ಮ ಬೀಜ ಹಾಕಿದ ಮೇಲೆ ಬರುವ ಮೊದಲ ಎರಡು ಬಟ್ಟಲು ಚೆಲ್ಲಿ. ಗ್ರೈಂಡರಿನೊಳಗೆ ಹಳೆಯ ಪುಡಿ ಉಳಿದಿರುತ್ತದೆ. ನುಣುಪು ಬದಲಾಯಿಸಿದಾಗಲೂ ಎರಡು ಮೂರು ಬಟ್ಟಲಿನ ನಂತರವೇ ವ್ಯತ್ಯಾಸ ತಿಳಿಯುವುದು. ನುಣುಪಿನ ಗುಂಡಿಯನ್ನು ಗ್ರೈಂಡರ್ ತಿರುಗುತ್ತಿರುವಾಗ ಮಾತ್ರ ಬದಲಾಯಿಸಬೇಕು ಎಂದು ಕೈಪಿಡಿಯಲ್ಲಿದ್ದರೆ ಹಾಗೇ ಮಾಡಿ, ನಿಂತಿರುವಾಗ ಬಲವಂತವಾಗಿ ತಿರುಗಿಸಿದರೆ ಹಲ್ಲು ಕೆಡಬಹುದು.

ಈಗ ಗಾಜಿನ ಲೋಟವನ್ನು ತಕ್ಕಡಿಯ ಮೇಲಿಟ್ಟು ಎಸ್ಪ್ರೆಸೊ ಒತ್ತಿ. ಮೊದಲ ಹನಿಯಿಂದ ಕೊನೆಯ ಹನಿಯವರೆಗೆ ಸಮಯ ಗುರುತಿಸಿ, ತೂಕ ಬರೆದುಕೊಳ್ಳಿ. 12 ಸೆಕೆಂಡಿನಲ್ಲೇ ಮುಗಿದರೆ ಪುಡಿ ದಪ್ಪವಾಗಿದೆ, ಕಾಫಿ ಹುಳಿಯಾಗಿ ನೀರುನೀರಾಗಿರುತ್ತದೆ, ನುಣುಪು ಹೆಚ್ಚಿಸಿ. ತೊಟ್ಟುತೊಟ್ಟಾಗಿ ಇಳಿದು ಸುಟ್ಟ ಕಹಿ ಬಂದರೆ ದಪ್ಪ ಮಾಡಿ. ಇಂಥ ಯಂತ್ರಗಳ ಪುಡಿ ಕೆಫೆಯ ದೊಡ್ಡ ಯಂತ್ರದಷ್ಟು ನುಣ್ಣಗಿರುವುದಿಲ್ಲ, ಇಟಲಿಯವರ ಅಳತೆಗೆ ಅಕ್ಷರಶಃ ಕೂಡುವುದನ್ನು ನಿರೀಕ್ಷಿಸಬೇಡಿ. ಹತ್ತಿರ ಬಂದರೆ ಸಾಕು.

ನುಣುಪು ಸರಿಹೋದ ಮೇಲೆ, ಏನನ್ನೂ ಬದಲಾಯಿಸದೆ ಬೆನ್ನುಬೆನ್ನಿಗೆ ಐದು ಎಸ್ಪ್ರೆಸೊ ಇಳಿಸಿ, ಪ್ರತಿಯೊಂದರ ತೂಕ, ಸಮಯ, ಬಿಸಿ ಬರೆಯಿರಿ. ಯಂತ್ರದ ನಿಜವಾದ ಗುಣ ಇಲ್ಲಿ ಗೊತ್ತಾಗುತ್ತದೆ. ಐದೂ ಒಂದೇ ತೂಕದ ಆಸುಪಾಸಿನಲ್ಲಿದ್ದರೆ ಒಳ್ಳೆಯ ಯಂತ್ರ. ಒಂದು 32 ಗ್ರಾಂ, ಇನ್ನೊಂದು 43 ಗ್ರಾಂ ಬಂದರೆ ಇಷ್ಟು ಹಣ ಕೊಟ್ಟು ಕೊಳ್ಳುವುದೇಕೆ? ಮೊದಲ ಬಟ್ಟಲಿಗಿಂತ ಮೂರನೆಯದು ಬಹಳ ಬಿಸಿಯಾಗಿದ್ದರೆ ತಣ್ಣಗಿರುವ ಯಂತ್ರದ ಮೊದಲ ಕಾಫಿ ಪ್ರತಿ ಬೆಳಿಗ್ಗೆ ಪೇಲವವಾಗಿರುತ್ತದೆ ಎಂದರ್ಥ. ದಪ್ಪ ಪಿಂಗಾಣಿ ಬಟ್ಟಲು 30 ಮಿಲಿಲೀಟರ್ ಕಾಫಿಯ ಬಿಸಿಯನ್ನು ಕ್ಷಣದಲ್ಲಿ ನುಂಗುತ್ತದೆ, ಆದ್ದರಿಂದ ಅಳೆಯುವ ಲೋಟವನ್ನು ಬಿಸಿನೀರಿನಿಂದ ಬೆಚ್ಚಗಾಗಿಸಿರಿ.

ನೊರೆಗೆ ಮರುಳಾಗಬೇಡಿ. ಅನೇಕ ಯಂತ್ರಗಳಲ್ಲಿ ಕಾಫಿ ಹೊರಬರುವ ದಾರಿಯಲ್ಲೇ ಪುಟ್ಟ ಒತ್ತಡದ ಕವಾಟವಿರುತ್ತದೆ. ಪುಡಿ ಹೇಗಿದ್ದರೂ ಅದು ನೊರೆ ಎಬ್ಬಿಸುತ್ತದೆ. ಚಮಚದಲ್ಲಿ ನೊರೆಯನ್ನು ಪಕ್ಕಕ್ಕೆ ಸರಿಸಿ, ಕೆಳಗಿನ ಕಾಫಿಯನ್ನು ಗುಟುಕರಿಸಿ. ಸ್ವಲ್ಪ ಆರಿದ ಮೇಲೆ ಇನ್ನೊಮ್ಮೆ. ಬಿಸಿಯಲ್ಲಿ ಅಡಗಿದ್ದ ಒಗರು ಆರಿದಾಗ ಹೊರಬೀಳುತ್ತದೆ.

ಎರಡು ಬಟ್ಟಲಿನ ಗುಂಡಿಯನ್ನೂ ಒತ್ತಿ ನೋಡಿ. ಗ್ರೈಂಡರ್ ಎರಡು ಸಲ ತಿರುಗಿತೇ, ಒಂದೇ ಸಲ ತಿರುಗಿ ಒಬ್ಬರ ಪುಡಿಯನ್ನು ಇಬ್ಬರಿಗೆ ಹಂಚಿತೇ? ಕಿವಿಗೊಟ್ಟರೆ ತಿಳಿಯುತ್ತದೆ.

ಲೆಕ್ಕದಲ್ಲಿ ಆಸಕ್ತಿ ಇರುವವರಿಗೆ, ಮನೆಗೆ ತಂದ ಮೇಲೆ ಮಾಡಬಹುದಾದ ಇನ್ನೊಂದು ಪರೀಕ್ಷೆ ಇದೆ. ಡಬ್ಬಿ ಖಾಲಿ ಮಾಡಿ, ಸರಿಯಾಗಿ 200 ಗ್ರಾಂ ಬೀಜ ಹಾಕಿ ಹತ್ತು ಎಸ್ಪ್ರೆಸೊ ಇಳಿಸಿ. ಉಳಿದ ಬೀಜವನ್ನು ತೆಗೆದು ತೂಗಿ. 104 ಗ್ರಾಂ ಉಳಿದಿದ್ದರೆ ಖರ್ಚಾದದ್ದು 96 ಗ್ರಾಂ, ಬಟ್ಟಲಿಗೆ 9.6 ಗ್ರಾಂ. ಆ ಹತ್ತರ ಚರಟವನ್ನು, ಒಳಗೆ ಉದುರಿದ ಪುಡಿಯನ್ನೂ ಸೇರಿಸಿ, ತಟ್ಟೆಯಲ್ಲಿ ಹರಡಿ ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿ ತೂಗಿ. 77 ಗ್ರಾಂ ಬಂತೆನ್ನಿ. 19 ಗ್ರಾಂ ಕಾಫಿಯೊಳಗೆ ಕರಗಿದೆ, ಅಂದರೆ ಶೇ 20ರಷ್ಟು. 18ರಿಂದ 22ರ ನಡುವೆ ಇದ್ದರೆ ಪುಡಿಯ ಸಾರವನ್ನು ಯಂತ್ರ ಸರಿಯಾಗಿ ಇಳಿಸುತ್ತಿದೆ. 15 ಬಂದರೆ ನೀವು ಕೊಟ್ಟ ಬೀಜದ ಹಣದಲ್ಲಿ ಒಂದು ಪಾಲು ಕಸಕ್ಕೆ ಹೋಗುತ್ತಿದೆ. ಪ್ರಯೋಗಾಲಯದ ನಿಖರತೆ ಇದಕ್ಕಿಲ್ಲ, ಆದರೆ ಎರಡು ಯಂತ್ರಗಳನ್ನು ಹೋಲಿಸಲು ಧಾರಾಳವಾಗಿ ಸಾಕು.

ಹಾಲು: ಬಿಸಿ ಸಾಲದೆಂಬ ತಕರಾರು

ನಮ್ಮ ಮನೆಗಳಲ್ಲಿ ಈ ಯಂತ್ರಗಳ ಮೇಲಿನ ಮೊದಲ ದೂರು ಇದೇ. ಉಕ್ಕಿದ ಹಾಲಿನಲ್ಲಿ ಬೆರೆಸಿ, ಲೋಟ ಬಟ್ಟಲಿನಲ್ಲಿ ಎತ್ತಿ ಹೊಯ್ದು ಕುಡಿಯುವ ಬಾಯಿಗೆ, 60–65 ಡಿಗ್ರಿಯ ಕ್ಯಾಪುಚಿನೊ ಆರಿದ ಕಾಫಿಯೇ. ಯಂತ್ರದ ದೋಷವಲ್ಲ ಇದು. 70 ಡಿಗ್ರಿ ದಾಟಿದರೆ ಹಾಲಿನ ನೊರೆ ಒಡೆಯುತ್ತದೆ, ಸಿಹಿ ತಗ್ಗುತ್ತದೆ. ಆದ್ದರಿಂದ ತಯಾರಕರು ಅಲ್ಲಿಗೆ ಮಿತಿ ಹಾಕುತ್ತಾರೆ. ಹಾಲಿನ ಬಿಸಿಯನ್ನು ಹೆಚ್ಚಿಸುವ ಆಯ್ಕೆ ಇದೆಯೇ ನೋಡಿ, ಥರ್ಮಾಮೀಟರಿನಲ್ಲಿ ಅಳೆಯಿರಿ, ಮನೆಯಲ್ಲಿ ಕಾಫಿಯ ತೀರ್ಪು ಕೊಡುವ ಹಿರಿಯರನ್ನು ಮಳಿಗೆಗೆ ಕರೆದೊಯ್ದು ಕುಡಿಸಿ. ಅವರು ಮೂಗು ಮುರಿದರೆ ಆ ಯಂತ್ರ ಮನೆಯಲ್ಲಿ ಬಾಳುವುದಿಲ್ಲ.

ಹಾಲು ಫ್ರಿಜ್ಜಿನಿಂದ ಆಗಷ್ಟೇ ತೆಗೆದದ್ದಾಗಿರಬೇಕು, 4–5 ಡಿಗ್ರಿ. ಶೇ 3ರಷ್ಟು ಕೊಬ್ಬಿರುವ ಟೋನ್ಡ್ ಹಾಲು, ಅಂದರೆ ನಂದಿನಿಯ ನೀಲಿ ಪೊಟ್ಟಣ, ಎತ್ತರದ ನೊರೆ ಕೊಡುತ್ತದೆ. ಶೇ 4.5ರ ಹಾಲಿನಲ್ಲಿ ನೊರೆ ತುಸು ಕಡಿಮೆ, ಬಾಯಿಗೆ ತುಂಬುವ ರುಚಿ ಹೆಚ್ಚು. ಎರಡರಲ್ಲೂ ಮಾಡಿ ನೋಡಿ. ಕಾಯಿಸಿ ಆರಿಸಿದ ಹಾಲನ್ನೇ ಬಳಸುವವರು ಕೆನೆಯ ಒಂದು ಎಳೆಯೂ ಇಲ್ಲದಂತೆ ಸೋಸಬೇಕು, ಕೊಳವೆಯಲ್ಲಿ ಸಿಕ್ಕಿದ ಕೆನೆ ಎರಡು ದಿನದಲ್ಲಿ ನಾರುತ್ತದೆ.

ಒಳ್ಳೆಯ ನೊರೆಯಲ್ಲಿ ಕಣ್ಣಿಗೆ ಕಾಣುವ ಗುಳ್ಳೆ ಇರುವುದಿಲ್ಲ, ಒಂದು ನಿಮಿಷ ಬಿಟ್ಟರೂ ಕಾಫಿಯಿಂದ ಪೂರ್ತಿ ಬೇರ್ಪಟ್ಟು ಒಣ ಟೊಪ್ಪಿಯಂತೆ ಮೇಲೆ ಕೂರುವುದಿಲ್ಲ. ಯಂತ್ರಗಳ ನೊರೆ ಸ್ವಲ್ಪ ಒರಟೇ. ಎಲೆ, ಹೂವು ಬಿಡಿಸುವ ಆಸೆ ಇದ್ದವರು ಪ್ರತ್ಯೇಕ ಹಬೆ ಕೊಳವೆ ಇರುವ ಅರೆ ಸ್ವಯಂಚಾಲಿತ ಯಂತ್ರ ಮತ್ತು ಒಳ್ಳೆಯ ಗ್ರೈಂಡರ್ ಕೊಳ್ಳುವುದೇ ಲೇಸು. ಹಣವೂ ಉಳಿದೀತು, ಕೈಗೂ ಕಸುಬು ಬಂದೀತು.

ಕಳಚಿ, ಮೂಸಿ, ತೊಳೆದು ನೋಡಿ

ಮಾರಾಟಗಾರರು ಕಾಫಿ ಮಾಡಿ ತೋರಿಸುತ್ತಾರೆ, ತೊಳೆದು ತೋರಿಸುವುದಿಲ್ಲ. ಕೇಳಿ. ಹಾಲಿನ ಭಾಗಗಳನ್ನು ನೀವೇ ಬಿಚ್ಚಿ, ಎಷ್ಟು ತುಂಡುಗಳಿವೆ ಎಣಿಸಿ, ಮರಳಿ ಜೋಡಿಸಿ. ಫಿಲಿಪ್ಸ್‌ನ ಲ್ಯಾಟೆಗೋ ಎಂಬ ಹಾಲಿನ ವ್ಯವಸ್ಥೆಯಲ್ಲಿ ಕೊಳವೆಯೇ ಇಲ್ಲ, ಎರಡು ಭಾಗ ಬೇರ್ಪಡಿಸಿ ನೀರಿಗೆ ಹಿಡಿದರೆ ಮುಗಿಯಿತು. ಸಣ್ಣ ಕೊಳವೆಯಿಂದ ಹಾಲು ಹೀರುವ ವ್ಯವಸ್ಥೆಯಲ್ಲಿ ನೊರೆ ಹೆಚ್ಚು ನವಿರಾಗಿರಬಹುದು, ಆದರೆ ಪ್ರತಿದಿನ ತೊಳೆಯಲೇಬೇಕು. ಯಾರು ತೊಳೆಯುತ್ತಾರೆ ಎಂದು ಮನೆಯಲ್ಲಿ ಮೊದಲೇ ಇತ್ಯರ್ಥವಾಗಲಿ. ಮನೆಗೆಲಸದವರ ಮೇಲೆ ಹಾಕುವುದಾದರೆ ಅವರಿಗೂ ಒಮ್ಮೆ ತೋರಿಸಿಕೊಡಬೇಕು. ಘಟಕವನ್ನು ಪಾತ್ರೆ ತೊಳೆಯುವ ಸೋಪಿನಲ್ಲಿ ಉಜ್ಜಿದರೆ ಅದರ ಗ್ರೀಸು ಹೋಗಿ ಕಿರುಗುಟ್ಟುತ್ತದೆ.

ಪ್ರದರ್ಶನಕ್ಕಿಟ್ಟ ಯಂತ್ರದ ಚರಟದ ಪೆಟ್ಟಿಗೆ ಎಳೆದು, ಒಳಗೋಡೆ ನೋಡಿ. ಬೂಷ್ಟು ಹಿಡಿಯುವ ಮೂಲೆಗಳು ಎಲ್ಲಿವೆ ಎಂದು ಅದೇ ಹೇಳುತ್ತದೆ. ಜೊತೆಗೆ, ಯಂತ್ರ ಹೊತ್ತಿಸಿದಾಗ ಮತ್ತು ಆರಿಸಿದಾಗ ತಾನೇ ತೊಳೆದುಕೊಂಡು ಹೊರಬಿಡುವ ನೀರನ್ನು ಲೋಟದಲ್ಲಿ ಹಿಡಿದು ಅಳೆಯಿರಿ. ದಿನಕ್ಕೆ ನಾಲ್ಕು ಸಲ ಹೊತ್ತಿಸುವ ಮನೆಯಲ್ಲಿ 1.8 ಲೀಟರ್ ತೊಟ್ಟಿಯ ಗಣನೀಯ ಪಾಲು ಹೀಗೇ ಹೋಗುತ್ತದೆ, ಕೆಳಗಿನ ತಟ್ಟೆ ಬೇಗ ತುಂಬುತ್ತದೆ. ಬೆಚ್ಚಗೂ ಒದ್ದೆಯಾಗಿಯೂ ಇರುವ ಯಂತ್ರ ಜಿರಳೆಗಳಿಗೆ ಪ್ರಿಯ ಎಂಬುದನ್ನೂ ಮರೆಯಬೇಡಿ. ರಾತ್ರಿ ತಟ್ಟೆ, ಪೆಟ್ಟಿಗೆ ಎರಡನ್ನೂ ಖಾಲಿ ಮಾಡಿ ಒಣಗಲು ಬಿಡುವುದು ವಾಡಿಕೆಯಾಗಬೇಕು.

ಸದ್ದನ್ನು ಮಳಿಗೆಯ ಗದ್ದಲದಲ್ಲಿ ಅಂದಾಜು ಮಾಡಲಾಗದು. ಮಗು ಮಲಗುವ ಕೋಣೆ ಅಡುಗೆಮನೆಯ ಗೋಡೆಗೆ ಅಂಟಿಕೊಂಡಿದ್ದರೆ, ಆ ಯಂತ್ರ ಇರುವ ಪರಿಚಿತರ ಮನೆಗೆ ಒಂದು ಬೆಳಿಗ್ಗೆ ಹೋಗಿಬನ್ನಿ.

ಬೆಲೆ ಮತ್ತು ರಿಪೇರಿ

ಬಿಲ್ಲಿನ ಮೊತ್ತದ ಜೊತೆಗೆ ವರ್ಷದ ಖರ್ಚು ಕೂಡಿಸಿ: ನೀರಿನ ಫಿಲ್ಟರ್, ಸುಣ್ಣ ತೆಗೆಯುವ ದ್ರಾವಣ, ಶುಚಿಗೊಳಿಸುವ ಗುಳಿಗೆ, ಹಾಲಿನ ಕೊಳವೆಯ ದ್ರಾವಣ. ಇವು ನಿಮ್ಮ ಊರಲ್ಲಿ ಸದಾ ಸಿಗುತ್ತವೆಯೇ, ತರಿಸಲು ವಾರಗಟ್ಟಲೆ ಕಾಯಬೇಕೇ? ರಿಪೇರಿಗೆ ತಂತ್ರಜ್ಞರು ಮನೆಗೆ ಬರುತ್ತಾರೋ, ಯಂತ್ರವನ್ನೇ ಬೆಂಗಳೂರಿಗೋ ಮುಂಬೈಗೋ ಕಳಿಸಬೇಕೋ? ಶಿವಮೊಗ್ಗ, ಹುಬ್ಬಳ್ಳಿ, ಮಂಗಳೂರಿನ ಓದುಗರಿಗೆ ಇದು ರುಚಿಗಿಂತ ದೊಡ್ಡ ಪ್ರಶ್ನೆ. ತುಸು ಕಡಿಮೆ ರುಚಿಯ, ಆದರೆ ಊರಲ್ಲೇ ರಿಪೇರಿಯಾಗುವ ಯಂತ್ರವನ್ನೇ ನಾನು ಆರಿಸುತ್ತೇನೆ. ಸುಣ್ಣ ಕಟ್ಟಿ ಕೆಟ್ಟರೆ ವಾರಂಟಿ ಅನ್ವಯಿಸುತ್ತದೆಯೇ ಎಂದೂ ಓದಿ. ಅಟ್ಟದ ಮೇಲೆ ಜಾಗ ಮಾಡಿ ಮೂಲ ರಟ್ಟಿನ ಪೆಟ್ಟಿಗೆಯನ್ನು ಥರ್ಮಾಕೋಲಿನ ಸಮೇತ ಉಳಿಸಿಕೊಳ್ಳಿ.

ಮನೆಗೆ ಬಂದ ಮೊದಲ ದಿನಗಳಲ್ಲಿ, ಮರಳಿಸುವ ಅವಧಿ ಮುಗಿಯುವ ಮೊದಲೇ, ಮೇಲಿನ ಐದು ಬಟ್ಟಲಿನ ಪರೀಕ್ಷೆಯನ್ನು ಮನೆಯ ನೀರಿನಲ್ಲಿ ಮತ್ತೆ ಮಾಡಿ. ರುಚಿ ಹೊಂದಿಸುವಾಗ ಒಮ್ಮೆಗೆ ಒಂದನ್ನು ಮಾತ್ರ ಬದಲಾಯಿಸಿ: ಮೊದಲು ನುಣುಪು, ನಂತರ ಪುಡಿಯ ಪ್ರಮಾಣ, ಆಮೇಲೆ ಕಾಫಿಯ ಪ್ರಮಾಣ, ಕೊನೆಗೆ ಬಿಸಿ. ಡಬ್ಬಿಗೆ ಎರಡು ಮೂರು ದಿನಕ್ಕಾಗುವಷ್ಟೇ ಬೀಜ ಹಾಕಿ. ಮಳೆಗಾಲದಲ್ಲಿ ಒಂದು ದಿನದ್ದು ಸಾಕು.

ಬಳಸಿದ ಯಂತ್ರ ಕೊಳ್ಳುವವರಿಗೆ

ವಿದೇಶಕ್ಕೆ ಹೊರಟವರು, ಕಚೇರಿ ಮುಚ್ಚಿದವರು ಇಂಥ ಯಂತ್ರಗಳನ್ನು ಅರ್ಧ ಬೆಲೆಗೆ ಮಾರುವುದುಂಟು. ಒಳ್ಳೆಯ ವ್ಯಾಪಾರವಾಗಬಹುದು. ಬಹುಪಾಲು ಮಾದರಿಗಳ ಮೆನುವಿನಲ್ಲಿ ಇದುವರೆಗೆ ಎಷ್ಟು ಬಟ್ಟಲು ಇಳಿದಿದೆ, ಎಷ್ಟು ಸಲ ಸುಣ್ಣ ತೆಗೆದಿದ್ದಾರೆ ಎಂಬ ಲೆಕ್ಕವಿರುತ್ತದೆ. ಅದನ್ನು ತೆರೆದು ತೋರಿಸಲು ಹೇಳಿ. ಸಾವಿರಾರು ಬಟ್ಟಲು ಇಳಿದು, ಗಡಸು ನೀರಿನ ಬಡಾವಣೆಯಲ್ಲಿದ್ದು, ಸುಣ್ಣ ತೆಗೆದ ಲೆಕ್ಕ ಒಂದೋ ಎರಡೋ ಇದ್ದರೆ ಮುಂದೆ ಮಾತು ಬೇಡ. ಬಿಸಿನೀರನ್ನು ಒಂದು ಲೋಟ ಬಿಡಿಸಿ, ಧಾರೆ ತೆಳ್ಳಗಾಗಿ ತಡೆತಡೆದು ಬರುತ್ತಿದೆಯೇ ನೋಡಿ. ಐದಾರು ಚರಟದ ಬಿಲ್ಲೆಗಳನ್ನು ಪೆಟ್ಟಿಗೆಯಿಂದ ತೆಗೆದು ಮುರಿದು ನೋಡಿ: ಗಟ್ಟಿಯಾಗಿ ನಿಂತಿದ್ದರೆ ಸರಿ, ಎಲ್ಲವೂ ಕೆಸರಾಗಿದ್ದರೆ ಘಟಕದ ರಬ್ಬರ್ ಬಳೆ ಸವೆದಿರಬಹುದು. ಕೊನೆಗೆ ಹಾಲಿನ ಕೊಳವೆ ಕಳಚಿ ಮೂಸಿ. ಹುಳಿತ ವಾಸನೆ ಬಂದರೆ ಹೊಸ ಕೊಳವೆ ಮತ್ತು ನೊರೆ ಭಾಗದ ಬೆಲೆಯನ್ನು ಕಳೆದು, ಅಲ್ಲಿಂದ ಚೌಕಾಸಿ ಶುರು ಮಾಡಿ.